ಮೋಡದ ಮೇಲೆ ಉಳಿದ ಮೇಕೆ

ಫೋನಿನಲ್ಲಿ ಗ್ರೂಪು ಅಂತ ಒಂದು ಮಾಡಿಕೊಂಡರೆ ಸಾಕು, ಮನುಷ್ಯ ಬೇರೆ ನಾಟಕ ನೋಡಬೇಕಾಗಿಲ್ಲ. ನಮ್ಮ ಮೇಕೆ ಗ್ರೂಪಿನಲ್ಲಂತೂ ವಾರಕ್ಕೊಂದು ಆಗುತ್ತಲೇ ಇರುತ್ತದೆ. ನಾನು ಮೊದಲು ನಗುತ್ತೇನೆ, ಆಮೇಲೆ ಹೊಲಿಗೆ ಮಿಷನ್ ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತೇನೆ.

ನಾನು ದೊಡ್ಡಬಳ್ಳಾಪುರ ಬಸ್ ಸ್ಟ್ಯಾಂಡ್ ಹಿಂದಿನ ಟೈಲರ್. ಓದಿದ್ದು ಮಧುರೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ. ಎರಡು ವರ್ಷದ ಹಿಂದೆ ಒಂದು ಸಂಜೆ ಮೊಮ್ಮಗಳು ಕತೆ ಹೇಳು ಅಂತ ಹಠ ಹಿಡಿದಳು. ನನಗೆ ಬರುವುದೇ ಒಂದು. ‘ಮೇಕೆ ಮೋಡದ ಮೇಲೆ ಕೂತು ಕೆಳಗೆ ನೋಡಿತು. ಊರು ಅಂಗೈಯಷ್ಟು ಕಂಡಿತು. ಮೇಕೆಗೆ ಹಸಿವಾಯಿತು.’ ಅಷ್ಟೇ. ಆಮೇಲೆ ಇಳೀತಾ ಅಂತ ಕೇಳಿದಳು. ಗೊತ್ತಿಲ್ಲ ಅಂದೆ.

“ಅರ್ಧ ಕತೆ ಯಾಕೆ ಕಲಿತೆ ತಾತ?” ಅಂದಳು.

ಆ ಪ್ರಶ್ನೆಗೆ ಉತ್ತರ ಹುಡುಕಲು ಹಳೇ ಸಹಪಾಠಿಗಳನ್ನು ಸೇರಿಸಿ ಗ್ರೂಪು ಮಾಡಿದೆ. ಮೋಡ ಹತ್ತಿದ ಮೇಕೆಯ ಪುಸ್ತಕ ಯಾರಿಗೆಲ್ಲ ಇಷ್ಟವಿತ್ತೋ ಬನ್ನಿ ಅಂದೆ. ಬಂದರು. ಎಲ್ಲರಿಗೂ ಆ ಪುಸ್ತಕ ಪ್ರಾಣ. ಪೂರ್ತಿ ಓದಿದವರು ಮಾತ್ರ ಒಬ್ಬರೂ ಇರಲಿಲ್ಲ.

ಬೀರುವಿನ ಪುಸ್ತಕ

ಅದಕ್ಕೆ ಕಾರಣ ನಮ್ಮ ಹೆಡ್ ಮೇಷ್ಟ್ರು. ಪುಸ್ತಕ ಅಂದರೆ ಅವರಿಗೆ ಅಷ್ಟು ಪ್ರೀತಿ. ಶಾಲೆಗೆ ಬಂದ ಕತೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಮಕ್ಕಳ ಕೈಗೆ ಕೊಟ್ಟರೆ ಹರಿದುಬಿಡುತ್ತವೆ ಅನ್ನುವುದು ಅವರ ವಾದ.

ಇನ್ಸ್‌ಪೆಕ್ಟರ್ ಬರುತ್ತಾರೆ ಅಂತ ಸುದ್ದಿ ಬಂದಾಗ ಒಬ್ಬೊಬ್ಬರನ್ನೇ ಬೀರುವಿನ ಹತ್ತಿರ ಕರೆದು, ಒಬ್ಬೊಬ್ಬರಿಗೆ ಒಂದೊಂದು ಪುಟ ಬಾಯಿಪಾಠ ಮಾಡಿಸಿದರು. ಇನ್ಸ್‌ಪೆಕ್ಟರ್ ಎದುರು ಸರದಿ ಪ್ರಕಾರ ಎದ್ದು ಒಪ್ಪಿಸಬೇಕು. ಸರದಿ ಬರುವ ತನಕ ಎಲ್ಲರಿಗೂ ನಡುಕ, ಮುಗಿದ ಮೇಲೆ ನಿರಾಳ. ಪಕ್ಕದವನು ಏನು ಹೇಳಿದ ಅಂತ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರಿದ್ದರು? ಹಾಗಾಗಿ ಒಬ್ಬೊಬ್ಬರ ತಲೆಯಲ್ಲಿ ಒಂದೇ ಪುಟ ಉಳಿಯಿತು.

ಇನ್ಸ್‌ಪೆಕ್ಟರ್ ಪುಸ್ತಕವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಇಷ್ಟು ವರ್ಷ ಮಕ್ಕಳು ಓದಿದರೂ ಹೊಸದರ ಹಾಗೇ ಇದೆಯಲ್ಲ ಅಂತ ಮೇಷ್ಟ್ರ ಬೆನ್ನು ತಟ್ಟಿದರು.

ಕೆಮ್ಮು

ಗ್ರೂಪಿನಲ್ಲಿ ಯಾರಿಗೂ ಹೆಸರಿಲ್ಲ, ಪುಟವೇ ಹೆಸರು. ಮೊದಲನೇ ಪುಟದವರು ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರ್, ಭಾರಿ ಗಂಭೀರ ಮನುಷ್ಯ. ಎರಡನೇ ಪುಟದವನು ಬಸ್ ಡ್ರೈವರ್. ಮೂರನೆಯದು ನನ್ನದು.

ಎಲ್ಲರೂ ತಮ್ಮ ತಮ್ಮ ಪುಟವನ್ನು ಹೇಳಿ ಕಳಿಸಿ, ಜೋಡಿಸೋಣ ಅಂದೆ. ಮ್ಯಾನೇಜರ್ ಶುದ್ಧವಾಗಿ ಹೇಳಿ ಕಳಿಸಿದರು. ಮೇಕೆ ಬೆಟ್ಟದ ತುದಿಯಲ್ಲಿ ಮೇಯುತ್ತಿತ್ತು, ಮೋಡ ಬಂದು ಬಂಡೆಗೆ ಒರಗಿ ನಿಂತಿತು, ಅಲ್ಲಿಗೆ ಅವರ ಪುಟ ಮುಗಿಯಿತು. ಡ್ರೈವರನಿಂದ ಸದ್ದಿಲ್ಲ. ಫೋನ್ ಮಾಡಿದೆ. ಬಾಯಿಗೆ ಬರ್ತಾ ಇಲ್ಲ ಗುರು, ಅವತ್ತು ಬಂದಂಗೆ ಬರ್ತಿಲ್ಲ ಅಂತ ಒದ್ದಾಡಿದ. ಬಹಳ ಯೋಚನೆ ಮಾಡಿ ಕಡೆಗೆ ಕಾರಣ ಹೇಳಿದ.

“ಮೊದಲನೇ ಪುಟದವನು ಅವತ್ತು ಮುಗಿಸಿ ಕೆಮ್ಮಿದ್ದ ಕಣೋ. ಆ ಕೆಮ್ಮು ಕೇಳಿದ ಮೇಲೇ ನಾನು ಎದ್ದಿದ್ದು. ಕೆಮ್ಮು ಇಲ್ದೆ ಹೆಂಗೆ ಶುರು ಮಾಡ್ಲಿ?”

ಇದನ್ನು ಆ ಗಂಭೀರ ಮನುಷ್ಯನಿಗೆ ಹೇಗೆ ಹೇಳುವುದು? ನಾನು ಸುತ್ತಿ ಬಳಸಿ ಕೇಳಿದೆ. ಅವರಿಗೆ ಸಿಟ್ಟು ಬಂತು. ಆದರೂ ಮೇಕೆಯ ಮೇಲಿನ ಆಸೆ ದೊಡ್ಡದು. ಮಧ್ಯಾಹ್ನ ಗ್ರೂಪಿಗೆ ಅವರಿಂದ ಬರೀ ಒಂದು ಕೆಮ್ಮು ಬಂತು. ಅದರ ಹಿಂದೆಯೇ ಡ್ರೈವರನ ಪುಟ ಎಲ್ಲೂ ಬ್ರೇಕ್ ಹಾಕದೆ ಬಂತು.

ತಪ್ಪಿ ಬಂದವನು

ಇನ್ನೊಬ್ಬ ಸಹಪಾಠಿಯನ್ನು ಸೇರಿಸಲು ಹೋಗಿ ಡ್ರೈವರು ನಂಬರು ತಪ್ಪು ಒತ್ತಿದ. ದೇವನಹಳ್ಳಿಯ ಸೈಟ್ ಬ್ರೋಕರ್ ಒಬ್ಬ ಒಳಗೆ ಬಂದ. ಬಂದವನೇ ಲೇಔಟಿನ ಫೋಟೋ ಹಾಕತೊಡಗಿದ. ವಿಮಾನ ನಿಲ್ದಾಣಕ್ಕೆ ಹತ್ತಿರ, ಕಾರ್ನರ್ ಸೈಟ್, ಪೂರ್ವ ದಿಕ್ಕು. ನಡುವೆ ನಮ್ಮ ಮೇಕೆ ಮೋಡದ ಮೇಲೆ ಹಸಿದು ಕೂತಿತ್ತು.

ಇದು ಬೇರೆ ಗ್ರೂಪು, ದಯವಿಟ್ಟು ಹೋಗಿ ಅಂದೆ. ಆ ವೇಳೆಗೆ ಅವನು ನಾಲ್ಕನೇ ಪುಟ, ಐದನೇ ಪುಟ ಎಲ್ಲ ಕೇಳಿಸಿಕೊಂಡುಬಿಟ್ಟಿದ್ದ.

“ಹೋಗ್ತೀನಿ ಸಾರ್. ಆ ಮೇಕೆ ಇಳೀತಾ ಇಲ್ವಾ ಒಂದು ಹೇಳಿ, ಹೋಗ್ಬಿಡ್ತೀನಿ.”

ನಮಗೇ ಗೊತ್ತಿಲ್ಲ ಅಂತ ಒಪ್ಪಿಕೊಳ್ಳಲು ಎಲ್ಲರಿಗೂ ನಾಚಿಕೆ. ಅವನು ಅಲ್ಲೇ ಉಳಿದ.

ಹುತ್ತ

ಬೀರುವಿನಲ್ಲಿ ಪುಸ್ತಕ ಇನ್ನೂ ಇರಬಹುದು ಅಂತ ಡ್ರೈವರಿಗೆ ಹೊಳೆಯಿತು. ಇಬ್ಬರೂ ಬೈಕಿನಲ್ಲಿ ಹೊರಟೆವು. ಶಾಲೆಗೆ ಈಗ ಹೊಸ ಕಟ್ಟಡ. ನಮ್ಮ ಹಳೇ ಕೋಣೆಯಲ್ಲಿ ಸೌದೆ, ಮುರಿದ ಬೆಂಚು. ಮೂಲೆಯಲ್ಲಿ ಅದೇ ಬೀರು. ನನ್ನ ಎದೆ ಇನ್ಸ್‌ಪೆಕ್ಟರ್ ಬಂದ ದಿನದ ಹಾಗೇ ಹೊಡೆದುಕೊಂಡಿತು.

ಬೀರುವಿನ ಒಂದು ಬಾಗಿಲು ಆಗಲೇ ತುಕ್ಕು ಹಿಡಿದು ಬಿದ್ದಿತ್ತು. ಒಳಗೆ ಗೆದ್ದಲು ಹುತ್ತ ಕಟ್ಟಿತ್ತು. ಹುತ್ತಕ್ಕೆ ಅರಿಶಿನ, ಕುಂಕುಮ, ಒಂದು ಸೇವಂತಿಗೆ. ಕೆಳಗೆ ಪುಟ್ಟ ಬಟ್ಟಲಲ್ಲಿ ಹಾಲು. ಬಿಸಿಯೂಟ ಮಾಡುವ ಹೆಂಗಸು ಓಡಿ ಬಂದು ಚಪ್ಪಲಿ ಬಿಡಿ ಅಣ್ಣ ಅಂದಳು. ಸರ್ಪ ಇದೆಯಂತೆ, ಪ್ರತಿ ಶುಕ್ರವಾರ ಪೂಜೆಯಂತೆ.

ಅದು ಪುಸ್ತಕ ಅಂತ ಅವಳಿಗೆ ಹೇಳಲಾಗಲಿಲ್ಲ. ನಾವೂ ಚಪ್ಪಲಿ ಬಿಟ್ಟು ಕೈ ಮುಗಿದೆವು. ಅಷ್ಟು ವರ್ಷ ಹರಿಯದ ಹಾಗೆ ಕಾಪಾಡಿದ್ದು ಗೆದ್ದಲಿಗೆ. ನನಗೆ ಅಳು ಬಂತು. ಗ್ರೂಪಿಗೆ ಫೋಟೋ ಕಳಿಸಿದರೆ ಬ್ರೋಕರ್ ಉತ್ತರ ಬರೆದ, ಹುತ್ತ ಈಶಾನ್ಯದಲ್ಲಿದ್ದರೆ ಮುಟ್ಟಬೇಡಿ ಸಾರ್ ಅಂತ.

ಕೊನೆಯ ಪುಟ

ಇನ್ನು ಉಳಿದದ್ದು ಕೊನೆಯ ಪುಟದವಳು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಸಣ್ಣ ಹುಡುಗಿ. ಅವಳ ಪುಟವನ್ನು ನಾವು ಯಾರೂ ಒಮ್ಮೆಯೂ ಕೇಳಿಲ್ಲ. ಅವತ್ತು ಅವಳಿಗಿಂತ ಹಿಂದಿನ ಪುಟದವನು ‘ಮೇಕೆಯನ್ನು ನೋಡಿ ಮೋಡಕ್ಕೂ ದುಃಖವಾಯಿತು’ ಅನ್ನುವ ಹೊತ್ತಿಗೆ ಮೇಷ್ಟ್ರ ಮನೆಯಿಂದ ಊಟಕ್ಕೆ ಕರೆ ಬಂತು. ಇನ್ಸ್‌ಪೆಕ್ಟರ್ ಸಾಕು ಅಂತ ಎದ್ದರು. ಅವಳು ಆಗಲೇ ಎದ್ದು ಕೈ ಮುಗಿದು ನಿಂತಿದ್ದಳು. ಹಾಗೇ ಕೂತುಕೊಂಡಳು. ಪುಸ್ತಕ ಬೀರುವಿಗೆ ಹೋಯಿತು, ಅವಳ ಪುಟ ಅವಳ ಜೊತೆ ಮನೆಗೆ ಹೋಯಿತು.

ತ್ಯಾಮಗೊಂಡ್ಲು ಕಡೆ ಮದುವೆಯಾಗಿದೆ ಅನ್ನುವುದು ಬಿಟ್ಟು ನಮಗೆ ಬೇರೇನೂ ಗೊತ್ತಿರಲಿಲ್ಲ. ಹುಡುಕಿದ್ದು ಬ್ರೋಕರ್. ಯಾವ ಜಮೀನು ಯಾರ ಮನೆಯವರದು ಅಂತ ಅವನಿಗೆ ಗೊತ್ತಿರದ ಊರಿಲ್ಲ. ಮನೆ ಸಿಕ್ಕಿತು, ಅವಳು ಸಿಗಲಿಲ್ಲ. ಹೋದ ವರ್ಷ ತೀರಿಕೊಂಡಿದ್ದಳು. ನಾನು ಗ್ರೂಪು ಮಾಡುವಾಗ ಅವಳು ಇದ್ದಳು. ಈ ಸಂಕಟ ನನಗೆ ಹೋಗುವುದಿಲ್ಲ.

ಮಗಳು ಮಾತ್ರ ಕತೆ ನನಗೆ ಬರುತ್ತೆ ಅಂದಳಂತೆ. ಬ್ರೋಕರ್ ಅಲ್ಲೇ ರೆಕಾರ್ಡ್ ಮಾಡಿ ಕಳಿಸಿದ. ನಾನು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ.

“ಅಮ್ಮ ನಮಗೆ ಊಟ ಮಾಡಿಸೋವಾಗ ದಿನಾ ಇದೇ ಹೇಳೋರು. ಹೇಳೋಕೆ ಮುಂಚೆ ತುತ್ತು ತಟ್ಟೆಯಲ್ಲಿಟ್ಟು, ಎದ್ದು ನಿಂತು ಕೈ ಮುಗಿಯೋರು. ನಾವು ಅದೂ ಕತೆಯಲ್ಲೇ ಇದೆ ಅಂದ್ಕೊಂಡಿದ್ವಿ. ನಾನೂ ನನ್ನ ಮಕ್ಕಳಿಗೆ ನಿಂತ್ಕೊಂಡೇ ಹೇಳ್ತೀನಿ.”

ಆಮೇಲೆ ಒಂದೇ ಉಸಿರಿಗೆ ಹೇಳಿದಳು. ‘ಮೋಡ ಅತ್ತಿತು. ಅತ್ತು ಅತ್ತು ಮಳೆಯಾಯಿತು. ಮಳೆಯ ಜೊತೆ ಮೇಕೆ ಮನೆಯಂಗಳಕ್ಕೆ ಇಳಿಯಿತು. ಎಲ್ಲಿ ಹೋಗಿದ್ದೆ ಎಂದಳು ಅವ್ವ. ಮೇಕೆ ಮಾತಾಡದೆ ಹುಲ್ಲು ತಿಂದಿತು. ಮಕ್ಕಳೇ, ಈ ಪುಸ್ತಕವನ್ನು ಓದಿದ ಮೇಲೆ ನಿಮ್ಮ ಗೆಳೆಯರಿಗೂ ಓದಲು ಕೊಡಿ.’

ನಾನು ಬೀರುವಿನ ಬೀಗವನ್ನು ನೆನೆಸಿಕೊಂಡು ಕೂತಿದ್ದೆ. ಅಷ್ಟರಲ್ಲಿ ಬ್ರೋಕರ್ ಬರೆದ, ಮೇಕೆ ಇಳೀತು, ಮಾತು ಕೊಟ್ಟಿದ್ದೆ, ಹೋಗ್ತೀನಿ ಸಾರ್ ಅಂತ.

ತಕ್ಷಣ ಡ್ರೈವರನ ದನಿ ಬಂತು. “ಎಲ್ಲಿಗೆ ಹೋಗ್ತೀಯಪ್ಪಾ? ಕೊನೆ ಸಾಲು ಕೇಳಲಿಲ್ವಾ? ಗೆಳೆಯರಿಗೂ ಕೊಡಿ ಅಂತ ಇದೆ.”

ಹಂಗಾದ್ರೆ ಮೊದಲಿಂದ ಹೇಳ್ರಿ, ನಾನು ಬಂದಿದ್ದೇ ನಾಲ್ಕನೇ ಪುಟಕ್ಕೆ ಅಂತ ಬ್ರೋಕರ್ ಬರೆದ. ನನ್ನ ಮೊಮ್ಮಗಳೂ ಮೊದಲಿಂದ ಅಂತ ತೊಡೆ ಗುದ್ದಿದಳು.

ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ತಮ್ಮ ಪುಟವನ್ನು ಮತ್ತೆ ಹೇಳಿ ಕಳಿಸಿದರು. ಈ ಸಲ ಅಲ್ಲಲ್ಲಿ ತಡೆದರು. ಆದರೂ ಮೋಡ ಬಂದು ಬಂಡೆಗೆ ಒರಗಿದ ಮೇಲೆ, ಯಾರೂ ಕೇಳದೆಯೇ, ತಾವಾಗಿ ಕೆಮ್ಮಿದರು.