ಬೀಗತಿಗಾಗಿ ಕಲಿತ ಸ್ಪ್ಯಾನಿಷ್

ನನ್ನ ಬಗ್ಗೆ ಯಾರು ಏನೇ ಹೇಳಲಿ, ಭಾಷೆಯ ವಿಷಯದಲ್ಲಿ ನಾನು ಸಾಮಾನ್ಯ ಮನುಷ್ಯನಲ್ಲ. ಧಾರವಾಡದಲ್ಲಿದ್ದಾಗ ಮರಾಠಿ ಕಲಿತೆ. ಅಬುಧಾಬಿಗೆ ಬಂದ ಮೇಲೆ ಹಿಂದಿ ಸುಧಾರಿಸಿತು, ಮಲಯಾಳ ತಾನಾಗಿ ಬಂತು. ಅರಬಿಯಲ್ಲಂತೂ ‘ಯಲ್ಲಾ’ (ನಡಿ), ‘ಖಲಾಸ್’ (ಮುಗೀತು), ‘ಮಾಫಿ’ (ಇಲ್ಲ) ಎಂಬ ಮೂರೇ ಶಬ್ದ ಇಟ್ಟುಕೊಂಡು ಅರ್ಧ ಆಯುಷ್ಯದ ನೌಕರಿ ಮಾಡಿದ್ದೇನೆ. ಇಂಥವನಿಗೆ ಸ್ಪ್ಯಾನಿಷ್ ಯಾವ ಲೆಕ್ಕ?

ಸ್ಪ್ಯಾನಿಷ್ ಯಾಕೆ ಬೇಕಾಯಿತೆಂದರೆ, ನಮ್ಮ ಒಬ್ಬಳೇ ಮಗಳು ನಿಧಿ ತನ್ನ ಆಫೀಸಿನ ಡಾನಿಯೆಲ್ ಎಂಬ ಸ್ಪೇನಿನ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಒಳ್ಳೆಯವನು. ನಾವೂ ಒಪ್ಪಿದೆವು. ಅವನಿಗಿರುವುದು ತಾಯಿ ಒಬ್ಬರೇ, ಹೆಸರು ಲೂಸಿಯಾ. ಅವರು ನಮ್ಮನ್ನು ನೋಡಲು ಅಬುಧಾಬಿಗೆ ಬರುವವರಿದ್ದರು. ಅವರಿಗೆ ಇಂಗ್ಲಿಷ್ ಬಾರದು, ಸ್ಪ್ಯಾನಿಷ್ ಒಂದೇ.

“ಡೋಂಟ್ ವರಿ ಅಪ್ಪಾ, ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ,” ಅಂದಳು ನಿಧಿ.

“ಬೀಗರ ಮಾತಿನ ನಡುವ ಮಗಳು ನಿಂದರೋದು ಚಂದ ಕಾಣೂದಿಲ್ಲ. ನಾನ ಮಾತಾಡ್ತೀನಿ,” ಎಂದು ಘೋಷಿಸಿದೆ.

“ಮೊದಲ ನನ್ನ ಜೋಡಿ ಕನ್ನಡದಾಗ ಎರಡು ಮಾತು ನೆಟ್ಟಗ ಆಡ್ರಿ,” ಅಂದಳು ಹೆಂಡತಿ ಸುಮಂಗಲಾ.

ಪ್ರತಿಭೆಗೆ ಮನೆಯಲ್ಲಿ ಬೆಲೆ ಇರುವುದಿಲ್ಲ. ಆದರೂ ನನಗೆ ಒಳಗೊಳಗೇ ಅಳುಕಿತ್ತು. ಮಗಳನ್ನು ಪರದೇಶದ ಮನೆಗೆ ಕೊಡುತ್ತಿದ್ದೇವೆ. ಆ ತಾಯಿ ನಮ್ಮನ್ನು ಮನಸಾರೆ ಮೆಚ್ಚದೆ ಹೋದರೆ ನಾಳೆ ನಮ್ಮ ಹುಡುಗಿ ಅಲ್ಲಿ ಹೇಗಿರಬೇಕು? ಲೂಸಿಯಾ ನಮ್ಮ ಮನೆಯಿಂದ ನಗುತ್ತ ಹೋಗಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು.

ದುಬೈಯ ಒಂದು ಭಾಷಾ ಶಾಲೆಯಲ್ಲಿ ವಿಶೇಷ ಏರ್ಪಾಡಿತ್ತು. ಬೆಳಿಗ್ಗೆ ಪಾಠ, ಉಳಿದ ಹೊತ್ತು ಒಂದು ಸ್ಪ್ಯಾನಿಷ್ ಕುಟುಂಬದ ಮನೆಯಲ್ಲೇ ವಾಸ. ಊಟ, ವಸತಿ, ಮಾತು ಎಲ್ಲ ಅಲ್ಲೇ. ಮೂರು ವಾರ ರಜೆ ಹಾಕಿ ಪೆಟ್ಟಿಗೆ ಕಟ್ಟಿದೆ.

“ಮಂದಿ ಸ್ಪ್ಯಾನಿಷ್ ಕಲಿಯಾಕ ಸ್ಪೇನಿಗೆ ಹೋಗ್ತಾರ. ನೀವು ದುಬೈಗೆ ಹೊಂಟೀರಿ!” ಎಂದು ಸುಮಂಗಲಾ ನಮ್ಮ ರೀಮ್ ಐಲ್ಯಾಂಡಿನ ಫ್ಲಾಟಿನ ಲಿಫ್ಟಿನವರೆಗೆ ಬಂದು ಬೀಳ್ಕೊಟ್ಟಳು. ಒಂದೂವರೆ ತಾಸಿನ ದಾರಿಗೆ ಕಣ್ಣೀರೇನೂ ಬರಲಿಲ್ಲ.

ಆ ಮನೆಯ ಯಜಮಾನತಿ ಪಿಲಾರ್, ನನ್ನ ಅಕ್ಕನ ವಯಸ್ಸಿನವರು. ಗಂಡ ಮಾನ್ವೆಲ್ ಮಿತಭಾಷಿ, ಪೇಪರು ಓದುವುದೇ ಅವರ ಕೆಲಸ. ನಾನು ಶಾಕಾಹಾರಿ, ಆದರೆ ಮೊಟ್ಟೆ ನಡೆಯುತ್ತದೆ ಎಂದು ಶಾಲೆಯವರು ಮೊದಲೇ ತಿಳಿಸಿದ್ದರು. ಮನೆಯ ಹೊರಗೆ ನಾನು ಮೊಟ್ಟೆ ತಿನ್ನುತ್ತೇನೆಂಬುದು ನಮ್ಮ ಇಡೀ ಬಳಗಕ್ಕೆ ಗೊತ್ತಿರುವ ಗುಟ್ಟು. ಹಾಗಾಗಿ ಮೊದಲ ದಿನ ಮಧ್ಯಾಹ್ನ ಪಿಲಾರ್ ಆಲೂಗಡ್ಡೆ, ಮೊಟ್ಟೆ ಸೇರಿಸಿ ದಪ್ಪನೆಯ ತೋರ್ತಿಯಾ ಮಾಡಿದ್ದರು. ಊಟಕ್ಕೆ ಕೂತಾಗ ಮೂರು ಗಂಟೆ! ಅಷ್ಟು ಹೊತ್ತಿಗೆ ನಮ್ಮ ಕಡೆ ಊಟ ಮಾಡಿ, ಮಲಗಿ, ಎದ್ದು ಚಹಾ ಕೇಳುತ್ತಿರುತ್ತಾರೆ.

ಒಂದು ತುಂಡು ಬಡಿಸಿದರು. ಅಮೃತ! ಕಣ್ಣು ಮುಚ್ಚಿ ಬಿಡುವುದರೊಳಗೆ ಖಾಲಿಯಾಯಿತು.

“ಇನ್ನೊಂದು?” ಎಂದು ಪಿಲಾರ್ ಪಾತ್ರೆ ಮುಂದೆ ಹಿಡಿದರು.

ನಾನು ಮರ್ಯಾದಸ್ಥರ ಮನೆಯಲ್ಲಿ ಬೆಳೆದವನು. ಕೈಯನ್ನು ತಟ್ಟೆಗೆ ಅಡ್ಡ ಹಿಡಿದು, “ನೋ, ನೋ, ಗ್ರಾಸಿಯಾಸ್,” ಎಂದು ಧನ್ಯವಾದ ಹೇಳಿದೆ.

ಪಿಲಾರ್ ತಲೆಯಾಡಿಸಿ ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋದರು.

ಹೋದವರು ಬರಲೇ ಇಲ್ಲ!

ನಾನು ಹಾಗೇ ಕೈ ಅಡ್ಡ ಹಿಡಿದು ಕೂತಿದ್ದೆ. ನಮ್ಮಲ್ಲಿ ಮೊದಲನೆಯ ‘ಬ್ಯಾಡ’ ಎಂದರೆ ನಮಸ್ಕಾರ ಇದ್ದ ಹಾಗೆ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಎರಡನೆಯ ‘ಬ್ಯಾಡ’ಕ್ಕೆ, “ಏ, ಏನ್ ತಿಂದೀರಿ ನೀವು?” ಎಂಬ ಗದರಿಕೆ ಬರಬೇಕು. ಮೂರನೆಯದಕ್ಕೆ, “ನನ್ನಾಣಿ ಐತಿ!” ಎಂದು ಆಣೆ ಹಾಕಿ, ಅಡ್ಡ ಹಿಡಿದ ಕೈಯನ್ನು ಸರಿಸಿ ಬಡಿಸಬೇಕು. ಇದು ಸಂವಿಧಾನ. ಆ ಮನೆಯಲ್ಲಿ ನನ್ನ ಕೈಯನ್ನು ಸರಿಸುವವರೇ ಇರಲಿಲ್ಲ. ಕೊನೆಗೆ ಕೈಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ.

ಮರುದಿನ ತಂತ್ರ ಬದಲಿಸಿದೆ. ಸ್ವಲ್ಪ ಮೆತ್ತಗೆ ‘ನೋ’ ಅನ್ನುವುದು, ಅನ್ನುತ್ತ ಪಾತ್ರೆಯನ್ನೇ ಆಸೆಯಿಂದ ನೋಡುವುದು, ನಡುವೆ ಒಂದು ಸಣ್ಣ ನಿಟ್ಟುಸಿರು ಬಿಡುವುದು. ಎಂಥ ಕಲ್ಲೆದೆಯವರಿಗೂ ಅರ್ಥವಾಗಬೇಕು! ಪಿಲಾರ್‌ಗೂ ಅರ್ಥವಾಯಿತು. ನನ್ನ ಹೊಟ್ಟೆ ಕೆಟ್ಟಿದೆ ಎಂದು! ಅಂದು ಸಂಜೆಯಿಂದ ನನಗೊಬ್ಬನಿಗೇ ಬೇಯಿಸಿದ ಆಲೂಗಡ್ಡೆ, ಉಪ್ಪಿಲ್ಲದ ಗಂಜಿ ಅನ್ನ, ಯಾವುದೋ ಹೂವಿನ ಕಷಾಯ. ಎದುರಿಗೆ ಕೂತ ಮಾನ್ವೆಲ್ ಬೆಳ್ಳುಳ್ಳಿ, ಟೊಮೆಟೊ ತಿಕ್ಕಿದ ಗರಿಗರಿ ಬ್ರೆಡ್ಡು ಮುರಿಯುವ ಸಪ್ಪಳ ನನ್ನ ಎದೆಯನ್ನೇ ಮುರಿಯುತ್ತಿತ್ತು.

ಸುಮಂಗಲಾಳ ಫೋನು ಬಂತು.

“ಭಾಷಾ ಹೆಂಗ ನಡದೈತಿ?”

“ಭಾಷಾಕ್ಕ ಬೆಂಕಿ ಹಚ್ಚು. ಹಸಿವಿ!”

“ಬೇಕು ಅಂತ ಬಾಯಿಬಿಟ್ಟು ಹೇಳಾಕ ಏನ್ ಧಾಡಿ ನಿಮಗ?”

ಹೇಗೆ ಹೇಳುವುದು? ಪರರ ಮನೆಯಲ್ಲಿ ಕೇಳಿದ ತಕ್ಷಣ ‘ಹೂಂ, ಹಾಕಿ’ ಅನ್ನಲು ನನ್ನ ನಾಲಿಗೆಗೆ ಅಭ್ಯಾಸವಿಲ್ಲ. ಅಂಥವನನ್ನು ಹೊಟ್ಟೆಬಾಕ ಅನ್ನುತ್ತಾರೆ. ಹಾಗೆ ಅನ್ನಿಸಿಕೊಳ್ಳುವುದಕ್ಕಿಂತ ಉಪವಾಸ ಲೇಸೆಂದು ನಿಶ್ಚಯಿಸಿದೆ. ಆ ನಿಶ್ಚಯ ಮರುದಿನದ ಬೆಳಗಿನ ಪಾಠ ಮುಗಿಯುವವರೆಗೆ ಗಟ್ಟಿಯಾಗಿತ್ತು.

ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಕೆಫೆಟೇರಿಯಾ ಸಿಕ್ಕಿತು. ಮಾಲೀಕರು ಮಂಗಳೂರು ಕಡೆಯ ಬ್ಯಾರಿ, ಎಲ್ಲರ ಬಾಯಲ್ಲೂ ಹಮೀದಾಕ. ನಾನು ಒಂದೇ ಉಸಿರಿಗೆ ಪರೋಟಾ, ಕಡಲೆ ಗಸಿ ಮುಗಿಸುವುದನ್ನು ನೋಡಿ ಅವರು ಗಾಬರಿಯಾದರು.

“ಎಂತ ಸಾರ್, ನೀವಿರುವ ಮನೆಯಲ್ಲಿ ಊಟ ಕೊಡುದಿಲ್ವಾ?”

“ಕೊಡ್ತಾರ್ರಿ. ಒತ್ತಾಯ ಮಾಡೂದಿಲ್ಲ!”

“ಅಯ್ಯೋ ದೇವರೇ, ಒತ್ತಾಯ ಮಾಡದಿದ್ರೆ ತಿನ್ನುದು ಹೇಗೆ ಮಾರಾಯ್ರೆ!” ಎಂದು ಅವರು ಮನಸಾರೆ ಮರುಗಿದರು. ಬೇಡಬೇಡವೆಂದರೂ ಇನ್ನೊಂದು ಪರೋಟಾ ಹಾಕಿದರು. ನನ್ನ ಕಣ್ಣು ತುಂಬಿ ಬಂತು.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಬಿಸಿಲಿನಲ್ಲಿ ದಿನಾ ನಡೆಯುವುದು ಕಷ್ಟವೆಂದು, ಊಟದ ನಂತರ ಮನೆಯವರು ಮಲಗುವ ಹೊತ್ತಿಗೆ ಪಾರ್ಸೆಲ್ ತಂದುಕೊಡಲು ಹೇಳಿದೆ. ಹಿಂದಿನ ಗೇಟಿಗೆ ಬರಬೇಕು, ಬೆಲ್ ಒತ್ತಬಾರದು ಎಂದು ಖಡಾಖಂಡಿತವಾಗಿ ಸೂಚಿಸಿದೆ. ಮರುದಿನ ನಾನು ಹಿಂದಿನ ಗೇಟಿನಲ್ಲಿ ಕಾಯುತ್ತಿರುವಾಗ ಮುಂದಿನ ಬಾಗಿಲಿನ ಬೆಲ್ ಗಣಗಣ ಬಾರಿಸಿತು. ಓಡಿದೆ. ಪಿಲಾರ್ ಆಗಲೇ ಬಾಗಿಲು ತೆರೆದಿದ್ದರು. ಎದುರಿಗೆ ಪರೋಟಾದ ದೊಡ್ಡ ಪೊಟ್ಟಣ ಹಿಡಿದು ಸ್ವತಃ ಹಮೀದಾಕ!

“ಹಿಂದಿನ ಗೇಟಿಗೆ ಅಂದಿದ್ನಲ್ಲರೀ!”

“ಊಟ ಕೊಡ್ಲಿಕ್ಕೆ ಬಂದವ ಕಳ್ಳನ ಹಾಗೆ ಹಿಂದಿನಿಂದ ಬರುದಾ ಸಾರ್?” ಎಂದು ಅವರು ಪೊಟ್ಟಣವನ್ನು ಪಿಲಾರ್ ಕೈಗೇ ಕೊಟ್ಟು ಹೊರಟುಹೋದರು.

ಪಿಲಾರ್ ಪೊಟ್ಟಣ ನೋಡಿದರು, ನನ್ನನ್ನು ನೋಡಿದರು. ಮುಖ ಸಣ್ಣದಾಯಿತು. “ನನ್ನ ಅಡುಗೆ ಅಷ್ಟು ಕೆಟ್ಟದಾಗಿತ್ತೇ?” ಎಂದು ಮೆಲ್ಲಗೆ ಕೇಳಿದರು. ಅಷ್ಟು ಸ್ಪ್ಯಾನಿಷ್ ನನಗೆ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು. ನನ್ನ ತಾಯಿ ಎದುರು ನಿಂತು ಕೇಳಿದಷ್ಟು ನಾಚಿಕೆಯಾಯಿತು.

ನಾಲ್ಕು ದಿನದ ಸ್ಪ್ಯಾನಿಷಿನಲ್ಲಿ ಉಪಚಾರದ ಸಮಗ್ರ ತತ್ತ್ವವನ್ನು ವಿವರಿಸಲು ಹೊರಟೆ. “ಸಿನ್ಯೋರಾ, ಊಟ ಒಳ್ಳೆಯದು. ನಾನು ಕೆಟ್ಟವನು. ನನ್ನ ಊರು, ಒಂದು ಬೇಡ, ಎರಡು ಬೇಡ, ಮೂರು, ನಿಮ್ಮ ತಾಯಿ ಮೇಲೆ ಆಣೆ, ಆಮೇಲೆ ತಿನ್ನು!” ಮಾತು ಸಾಲದೆ ಅಡುಗೆಮನೆಯಿಂದ ತಟ್ಟೆ ತಂದು, ಬಡಿಸುವವನೂ ನಾನೇ ಉಣ್ಣುವವನೂ ನಾನೇ ಆಗಿ ಅಭಿನಯಿಸಿ ತೋರಿಸಿದೆ. ನನ್ನ ಕೈಯನ್ನು ನಾನೇ ಜಗ್ಗಿದೆ, ನನ್ನನ್ನು ನಾನೇ ಗದರಿಸಿದೆ. ಮಾನ್ವೆಲ್ ಮೊದಲ ಸಲ ಪೇಪರು ಕೆಳಗಿಟ್ಟರು.

ಪಿಲಾರ್ ಬೆರಗಾಗಿ ನೋಡಿದರು. ಆಮೇಲೆ ನಕ್ಕರು ನೋಡಿ, ಕುರ್ಚಿ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು! ಪರೋಟಾವನ್ನು ಮೂವರೂ ಹಂಚಿಕೊಂಡು ತಿಂದೆವು. ಅಂದಿನಿಂದ ಅವರು ನನಗೆ ಬೇರೆಯದೇ ತರಬೇತಿ ಕೊಟ್ಟರು. ಬೇಕಾದರೆ ಮೊದಲ ಸಲವೇ ‘ಸೀ’, ಅಂದರೆ ‘ಹೂಂ’, ಅನ್ನಬೇಕು, ಅಂದ ಕೂಡಲೇ ತೆಗೆದುಕೊಳ್ಳಬೇಕು. ಉಳಿದ ದಿನಗಳಲ್ಲಿ ನಾನು ಎಷ್ಟು ಪಳಗಿದೆನೆಂದರೆ, ಅವರು ಪಾತ್ರೆಗೆ ಕೈ ಹಾಕುವ ಮೊದಲೇ ನನ್ನ ಬಾಯಿಂದ ‘ಸೀ’ ಹೊರಡುತ್ತಿತ್ತು. ಹೊರಡುವ ದಿನ ನನ್ನ ಎರಡೂ ಕೈ ಹಿಡಿದುಕೊಂಡು, “ನಿಮ್ಮ ಮಗಳ ಅತ್ತೆ ಬಂದಾಗ ಬೇಡ ಅಂದರೆ ಬಿಟ್ಟುಬಿಡಿ. ಪಾಪ, ಹಿಂಸೆ ಮಾಡಬೇಡಿ,” ಎಂದರು. ನಾನು ಮಾತು ಕೊಟ್ಟೆ.

ಲೂಸಿಯಾ ಬಂದರು. ಅವರಿಗಿಂತ ಮೊದಲೇ ನಾನು ಮನೆಯಲ್ಲಿ ಕಾನೂನು ಜಾರಿ ಮಾಡಿದ್ದೆ. “ಯಾರೂ ಒತ್ತಾಯ ಮಾಡಬಾರದು. ಒಂದ ಸಲ ಕೇಳೂದು. ಬ್ಯಾಡ ಅಂದ್ರ ಮುಗೀತು, ಖಲಾಸ್!”

“ಬೀಗತಿಗೆ ಒಂದ ಸಲ ಕೇಳಿ ಬಿಡೂದೇನ್ರಿ? ಮಂದಿ ಏನಂದಾರು!” ಸುಮಂಗಲಾ ಬೆಳಿಗ್ಗೆಯಿಂದ ಹೋಳಿಗೆ, ಎಣ್ಣೆಗಾಯಿ, ಜೋಳದ ರೊಟ್ಟಿ ಮಾಡಿ ದಣಿದಿದ್ದಳು.

“ಅವರ ಪದ್ಧತಿ ನನಗ ಗೊತ್ತೈತಿ. ನಾನು ಅವರ ನಡುವ ಇದ್ದು ಬಂದಾಂವ!”

ಬಾಗಿಲಲ್ಲೇ ಸ್ಪ್ಯಾನಿಷಿನಲ್ಲಿ ಸ್ವಾಗತಿಸಿದೆ. ಲೂಸಿಯಾ ಹಿಗ್ಗಿದರು, ಜೊತೆಗೆ ಬಂದಿದ್ದ ಭಾವಿ ಅಳಿಯ ಡಾನಿಯೆಲ್ ಬೆರಗಾದ, ಸುಮಂಗಲಾ ಕೂಡ ಒಮ್ಮೆ ನನ್ನತ್ತ ಗೌರವದಿಂದ ನೋಡಿದಂತಾಯಿತು. ಊಟಕ್ಕೆ ಕೂತೆವು. ಒಂದು ಹೋಳಿಗೆಯನ್ನು ಅವರು ಚಪ್ಪರಿಸಿ ತಿಂದರು. “ಇನ್ನೊಂದು?” ಎಂದು ಕೇಳಿದೆ. ಲೂಸಿಯಾ ಕೈ ಅಡ್ಡ ಹಿಡಿದು, “ನೋ, ನೋ, ಗ್ರಾಸಿಯಾಸ್,” ಅಂದರು. ನಾನು ವಿನಯದಿಂದ ತಲೆಯಾಡಿಸಿ ಪಾತ್ರೆ ಒಳಗಿಟ್ಟು ಬಂದೆ. ಪಲ್ಯಕ್ಕೂ ಹಾಗೇ ಆಯಿತು, ಅನ್ನಕ್ಕೂ ಹಾಗೇ. ನಿಧಿ ಏನೋ ಹೇಳಲು ಬಾಯಿ ತೆರೆದಳು. “ಬೀಗರು ಮಾತಾಡುವಾಗ ಮಗಳು ನಡುವೆ ಬರಬಾರದು,” ಎಂದು ಕಣ್ಣಲ್ಲೇ ಗದರಿಸಿ ಸ್ಪ್ಯಾನಿಷಿನಲ್ಲಿ ಹವಾಮಾನದ ಬಗ್ಗೆ ಮಾತಾಡಿದೆ. ಲೂಸಿಯಾ ಮಾತ್ರ ಮತ್ತೆಮತ್ತೆ ಅಡುಗೆಮನೆಯ ಬಾಗಿಲ ಕಡೆ ನೋಡುತ್ತಿದ್ದರು. ಮನೆಯ ಅಲಂಕಾರ ಮೆಚ್ಚಿರಬೇಕೆಂದುಕೊಂಡೆ.

ಅವರನ್ನು ಹೋಟೆಲಿಗೆ ಬಿಡಲು ಹೋದ ನಿಧಿಯ ಫೋನು ಸ್ವಲ್ಪ ಹೊತ್ತಿನಲ್ಲೇ ಬಂತು.

“ಅಪ್ಪಾ! ವಾಟ್ ಡಿಡ್ ಯು ಡೂ? ಅವರು ಇಲ್ಲಿ ಸ್ಯಾಂಡ್‌ವಿಚ್ ತಿಂತಿದ್ದಾರೆ!”

“ಯಾಕ? ನಮ್ಮನ್ಯಾಗ ಬ್ಯಾಡ ಅಂದ್ರಲ್ಲ!”

“ನಾನೇ ಹೇಳಿಕೊಟ್ಟಿದ್ದೆ! ನಮ್ಮ ಮನೆಯಲ್ಲಿ ಎರಡು ಸಲ ನೋ ಅನ್ನಬೇಕು, ಫಸ್ಟ್ ಟೈಮೇ ಎಸ್ ಅಂದ್ರೆ ಹೊಟ್ಟೆಬಾಕರು ಅಂತಾರೆ, ಎಷ್ಟು ಒತ್ತಾಯ ಮಾಡ್ತಾರೋ ಅಷ್ಟು ಪ್ರೀತಿ ಅಂತ! ನೀವು ಎರಡನೇ ಸಲ ಕೇಳಲೇ ಇಲ್ಲ. ಈಗ ಕೇಳ್ತಿದ್ದಾರೆ, ನಿಮ್ಮಪ್ಪನಿಗೆ ಈ ಮದುವೆ ಇಷ್ಟ ಇಲ್ವಾ ಅಂತ. ಶೀ ಈಸ್ ಕ್ರೈಯಿಂಗ್, ಅಪ್ಪಾ.”

ಫೋನಿನ ದನಿ ಕೇಳಿದ ಸುಮಂಗಲಾ ಆಗಲೇ ಎದ್ದಿದ್ದಳು. ಡಬ್ಬಿಗೆ ಹೋಳಿಗೆ ತುಂಬಿ, ತುಪ್ಪದ ಬಾಟಲಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿದಳು.

ಹೋಟೆಲಿನ ಲಾಬಿಯಲ್ಲಿ ಲೂಸಿಯಾ ಕೆಂಪಾದ ಕಣ್ಣಿನಿಂದ ಕೂತಿದ್ದರು. ಅವರನ್ನು ನೋಡಿದ್ದೇ ತಡ, ಮೂರು ವಾರದ ಸ್ಪ್ಯಾನಿಷ್ ತಲೆಯಿಂದ ಹಾರಿಹೋಯಿತು. ಒಂದು ಶಬ್ದವೂ ಉಳಿಯಲಿಲ್ಲ! ಹೋಳಿಗೆ ಮುಂದೆ ಹಿಡಿದೆ. “ನೋ, ಗ್ರಾಸಿಯಾಸ್,” ಅಂದರು. “ತಗೋರಿ ಬೀಗತಿಯವರ!” ಅಂದೆ. “ನೋ,” ಅಂದರು, ಆದರೆ ಈ ಸಲ ತುಟಿಯಲ್ಲಿ ನಗುವಿತ್ತು. “ಏ, ನನ್ನಾಣಿ ಐತಿ!” ಎಂದು ಲಾಬಿಗೆಲ್ಲ ಕೇಳುವಂತೆ ಕೂಗಿದೆ. ಲೂಸಿಯಾ ನಕ್ಕು, ಅಡ್ಡ ಹಿಡಿದ ಕೈ ತೆಗೆದರು. ಒಂದಾಯಿತು, ಎರಡಾಯಿತು, ಮೂರನೆಯದಕ್ಕೆ ಸುಮಂಗಲಾ ತುಪ್ಪ ಸುರಿದಳು. ಅವರಿಬ್ಬರೂ ಒಂದೇ ಒಂದು ಅರ್ಥವಾಗುವ ಮಾತಿಲ್ಲದೆ, ಕೈ ಕೈ ಹಿಡಿದು ಅರ್ಧ ತಾಸು ಹರಟಿದರು. ನನ್ನ ಜೀವ ತಂಪಾಯಿತು.

ಆಗ ಲೂಸಿಯಾ ಕಲಿತದ್ದನ್ನು ತೋರಿಸುವ ಉತ್ಸಾಹದಿಂದ ಒಂದು ಹೋಳಿಗೆ ಎತ್ತಿ ನನ್ನ ಮುಂದೆ ಹಿಡಿದರು. ನಾನು ಬೇಡ ಅನ್ನುತ್ತೇನೆಂದು ಕಾದು, ಎರಡನೆಯ ಸಲದ ಒತ್ತಾಯಕ್ಕೂ ಸಿದ್ಧರಾಗಿ ನಿಂತಿದ್ದರು.

“ಸೀ!” ಅಂದೆ. ಅಂದು, ಕಿತ್ತುಕೊಂಡು, ಬಾಯಿಗೆ ಹಾಕಿಕೊಂಡೂ ಬಿಟ್ಟೆ.

ಲೂಸಿಯಾ ಖಾಲಿ ಕೈ ನೋಡಿದರು, ನನ್ನ ಉಬ್ಬಿದ ಕೆನ್ನೆ ನೋಡಿದರು. ಆಮೇಲೆ ಸಭ್ಯತೆಯಿಂದ ಮುಖ ಆಚೆ ತಿರುಗಿಸಿ ನಿಧಿಯ ಕಿವಿಯಲ್ಲಿ ಏನೋ ಕೇಳಿದರು. ನಿಧಿ ತಲೆ ತಗ್ಗಿಸಿ ಹೌದೆಂದಳು.

ಸ್ಪೇನಿನಲ್ಲಿ ಈಗ ನನ್ನ ಬೀಗರ ಬಳಗಕ್ಕೆಲ್ಲ ಗೊತ್ತಾಗಿದೆಯಂತೆ. ಹುಡುಗಿ ಬಂಗಾರದಂಥವಳು, ತಾಯಿ ದೇವರಂಥವಳು. ತಂದೆಯೊಬ್ಬ ಹೊಟ್ಟೆಬಾಕ!