ರಾಕ್ಷಸ ಭಾಷೆಯಲ್ಲಿ ಮದುವೆ ಪ್ರಸ್ತಾಪ

ಡೆನ್ಮಾರ್ಕಿನ ರಾನರ್ಸ್ ಊರಾಚೆಯ ಬೀಚ್ ಎಂಬ ಮರಗಳ ಕಾಡಿನಲ್ಲಿ ಪ್ರತಿ ತಿಂಗಳ ಎರಡನೆಯ ಶನಿವಾರ ರಾಕ್ಷಸರಿಗೂ ವನದೇವತೆಗಳಿಗೂ ಯುದ್ಧ ನಡೆಯುತ್ತದೆ. ನಮ್ಮ ವೇಷಯುದ್ಧ ಸಂಘದ ನಿಯಮಾವಳಿಯ ಏಳನೆಯ ಕಲಮಿನಂತೆ, ವೇಷದಲ್ಲಿರುವ ಸದಸ್ಯರು ಎದುರು ಪಡೆಯ ಭಾಷೆಯನ್ನಾಗಲೀ ಡೇನಿಷ್ ಭಾಷೆಯನ್ನಾಗಲೀ ಅರ್ಥಮಾಡಿಕೊಳ್ಳತಕ್ಕದ್ದಲ್ಲ. ಅರ್ಥವಾದಲ್ಲಿ, ಆಗದವರಂತೆ ನಡೆದುಕೊಳ್ಳತಕ್ಕದ್ದು. ಅಧಿಕೃತ ದುಭಾಷಿ ಒಬ್ಬರೇ, ನಿವೃತ್ತ ಅಂಚೆ ನೌಕರ ಪ್ರೆಬೆನ್; ಅವರ ಬಾಯಿಂದ ಬಂದ ಡೇನಿಷ್ ಮಾತ್ರ ಎಲ್ಲರಿಗೂ ಅರ್ಥವಾಗಬಹುದು. ನಾನು ಸಂಘದ ಕಾರ್ಯದರ್ಶಿ. ನಿಯಮಗಳನ್ನು ಬರೆದವನು ನಾನೇ ಆದ್ದರಿಂದ ಅವು ಚೆನ್ನಾಗಿವೆ.

ಕಳೆದ ಸೆಪ್ಟೆಂಬರಿನಲ್ಲಿ ರಾಕ್ಷಸ ಪಡೆಯ ಅಸ್ಗರ್ ಎಂಬ ಕೊಳಾಯಿ ರಿಪೇರಿಯವನು ವನದೇವತೆ ಗುನ್ವರಳನ್ನು ಮದುವೆಯಾಗಲು ಬಯಸಿದನು. ಆ ತಿಂಗಳ ಯುದ್ಧ ಮುಗಿದ ಸೋಮವಾರವೇ ಅವನು ಎರಡು ವರ್ಷದ ಕೆಲಸಕ್ಕೆ ನಾರ್ವೆಗೆ ಹೊರಡಬೇಕಿತ್ತು. ಅವಳು ಒಪ್ಪಿದರೆ ಹೋಗುವುದಿಲ್ಲ.

"ವೇಷ ಕಳಚಿ ಪಾರ್ಕಿಂಗ್ ಜಾಗದಲ್ಲಿ ಡೇನಿಷಲ್ಲೇ ಕೇಳ್ಬಿಡೋ ಮಾರಾಯ," ಎಂದು ಯಾರೋ ಹೇಳಿದರಂತೆ.

"ಥೂ! ಹನ್ನೊಂದು ವರ್ಷದಿಂದ ರಾಕ್ಷಸ ಆಗಿದೀನಿ. ಈಗ ಮೋಸ ಮಾಡ್ಲಾ?"

ರಾಕ್ಷಸ ಭಾಷೆಯಲ್ಲಿ ನಾನೂರ ಹನ್ನೆರಡು ಪದಗಳಿವೆ. ಮುನ್ನೂರ ತೊಂಬತ್ತು ಬೆದರಿಕೆಗೆ, ಉಳಿದವು ಊಟಕ್ಕೆ. ಮದುವೆಗೆ ಪದ ಬೇಕೆಂದು ಅವನು ನಮೂನೆ ಮೂರರಲ್ಲಿ ಅರ್ಜಿ ಹಾಕಿದ. "ಇರುವುದರಲ್ಲೇ ಸುಧಾರಿಸಿಕೊಳ್ಳತಕ್ಕದ್ದು" ಎಂದು ಭಾಷಾ ಸಮಿತಿ ಹಿಂಬರಹ ನೀಡಿತು. ಶನಿವಾರದ ಯುದ್ಧದ ನಡುವೆ ಅವನು ಗುನ್ವರಳ ಮುಂದೆ ಕೆಸರಿನಲ್ಲಿ ಮಂಡಿಯೂರಿ ಗರ್ಜಿಸಿ ಸುಧಾರಿಸಿಕೊಂಡ.

ಪ್ರೆಬೆನ್ ಕನ್ನಡಕ ಸರಿಮಾಡಿಕೊಂಡರು. "ನಿನ್ನ ಸೆರೆ ಹಿಡೀತಾನಂತೆ ಕಣಮ್ಮ. ಸಾಯೋವರ್ಗೂ ಬಿಡಲ್ವಂತೆ. ದಿನಾ ಮಾಂಸ ಹಾಕ್ತಾನಂತೆ."

ಗುನ್ವರಳ ಕೆನ್ನೆ ಕೆಂಪಾಯಿತು. ವನದೇವತೆಗಳ ಭಾಷೆಯಲ್ಲಿ ಎಲೆಗೇ ಅರವತ್ತು ಪದಗಳಿವೆ; 'ಹೌದು' ಎನ್ನಲು ಒಂದೂ ಇಲ್ಲ. ಕಳೆದ ಮಹಾಸಭೆಯಲ್ಲಿ ದಾಲ್ಚಿನ್ನಿ ಬನ್ನು ಮುಗಿದದ್ದರಿಂದ ಆ ವಿಷಯವನ್ನು ಮುಂದೂಡಲಾಗಿತ್ತು. ತಲೆಯಾಡಿಸುವುದನ್ನು ಎಂಟನೆಯ ಕಲಮು ಡೇನಿಷ್ ಎಂದೇ ಪರಿಗಣಿಸುತ್ತದೆ. ಅವಳು ಹೇಳಬಹುದಾದದ್ದನ್ನು ಹೇಳಿದಳು.

"ಮರ ಚಿಗುರಿದೆ ಅಂತಾಳೆ," ಎಂದರು ಪ್ರೆಬೆನ್. "ಊಹೆ ಸೇರ್ಸೋಕೆ ನಂಗೆ ಅಧಿಕಾರ ಇಲ್ಲಪ್ಪ."

ಅಸ್ಗರನ ಮುಖ ಬಾಡಿತು. ಪಾಪ ಅನ್ನಿಸಿತು.

ಗುನ್ವರ್ ಅಂಟಿಸಿಕೊಂಡಿದ್ದ ಚೂಪು ಕಿವಿಗಳನ್ನು ಕಿತ್ತು, ಅಂದು ವೇಷ ಹಾಕದೆ ಕೂತಿದ್ದ ನನ್ನ ಬಳಿ ನೇರ ಬಂದಳು. "ಈಗ್ಲೇ ತುರ್ತು ಮಹಾಸಭೆ ಕರೀರಿ. ನಂಗೆ 'ಹೌದು' ಬೇಕು."

"ಕಿವಿ ಬಿಚ್ಚಿದೀಯಲ್ಲ, ಅವನಿಗೇ ಹೇಳ್ಬಹುದಲ್ಲಮ್ಮ?"

"ಅವನಿನ್ನೂ ವೇಷದಲ್ಲಿದಾನಲ್ರೀ. ಅರ್ಥ ಮಾಡ್ಕೊಳ್ಳೋದೇ ಇಲ್ಲ. ಅದಕ್ಕೇ ಅವನು ನಂಗಿಷ್ಟ."

ಯುದ್ಧವನ್ನು ನಲವತ್ತು ನಿಮಿಷ ಸ್ಥಗಿತಗೊಳಿಸಲಾಯಿತು. ಕಾಫಿ ಬಂತು. 'ಹೌದು' ಪರ ನಲವತ್ತೊಂದು ಮತ, ವಿರುದ್ಧ ಆರು. ಮೊದಲು 'ಇಲ್ಲ' ಬರಲಿ ಎಂಬುದು ಆ ಆರು ಜನರ ವಾದ. ನಡಾವಳಿಗೆ ನಾನು ಸಹಿ ಹಾಕಿದ ಮೇಲಷ್ಟೇ ಪದ ಜಾರಿಗೆ ಬರುತ್ತದೆ. ಅಷ್ಟು ಬೇಗ ನಾನೆಂದೂ ಬರೆದಿಲ್ಲ. ನನ್ನ ಕಣ್ಣು ಒದ್ದೆಯಾದದ್ದನ್ನು ದಾಖಲಿಸಿಲ್ಲ.

ಅವಳು ಕಿವಿ ಅಂಟಿಸಿಕೊಂಡು ಆ ಹೊಸ ಪದವನ್ನು ನುಡಿದಳು.

"ಹೌದಂತೆ," ಎಂದರು ಪ್ರೆಬೆನ್. ಅಸ್ಗರ್ ಸಂತೋಷದಿಂದ ಅವಳನ್ನು ಯಥಾವಿಧಿ ಬೆದರಿಸಿದನು.

ಮದುವೆಯಾದ ಮೇಲೂ ಇಬ್ಬರಿಗೂ ವೇಷ ಕಳಚುವ ಮನಸ್ಸಾಗಲಿಲ್ಲ. ಪ್ರೆಬೆನ್ ಈಗ ಅವರ ಅಟ್ಟದ ಕೋಣೆಯಲ್ಲಿದ್ದಾರೆ. ಜಗಳ ಶುರುವಾದರೆ ಅವರು ಕೆಳಗಿಳಿದು, ಕನ್ನಡಕ ಹುಡುಕಿ, ನಿಘಂಟು ತೆರೆಯುವಷ್ಟರಲ್ಲಿ ಗಂಡಹೆಂಡಿರಿಬ್ಬರೂ ಕಾರಣ ಮರೆತಿರುತ್ತಾರೆ. ಬುಧವಾರ ಪ್ರೆಬೆನ್‌ಗೆ ರಜೆ. ಅಂದು ದಂಪತಿ ಸುಮ್ಮನೆ ಕೈ ಹಿಡಿದು ಕೂರುತ್ತಾರೆ.

ಮನೆಗೊಬ್ಬ ದುಭಾಷಿ ಬೇಕೆಂದು ಸಂಘಕ್ಕೆ ಹದಿನಾಲ್ಕು ಅರ್ಜಿಗಳು ಬಂದಿವೆ. ನಾನೂ ನನ್ನ ಹೆಂಡತಿಯೂ ಒಂದೇ ಪಡೆಯವರು, ಮನೆಯಲ್ಲಿ ಮೂವತ್ತು ವರ್ಷದಿಂದ ಡೇನಿಷ್‌ನಲ್ಲೇ ಮಾತು. ನಮ್ಮ ಅರ್ಜಿ ಮೊದಲನೆಯದು.