ದನದ ಡಾಕ್ಟರ ಗ್ರಾಮಸಭೆಗಳು

ಸರ್ಕಾರ ಜನರ ಅಭಿಪ್ರಾಯ ಕೇಳುವುದೂ ಒಳ್ಳೆಯ ಮನಸ್ಸಿನಿಂದಲೇ, ಜನ ಅಭಿಪ್ರಾಯ ಹೇಳುವುದೂ ಒಳ್ಳೆಯ ಮನಸ್ಸಿನಿಂದಲೇ. ಆದರೂ ಇಬ್ಬರೂ ಎದುರುಬದುರು ಕೂತ ಕೂಡಲೇ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕೆಲವು ವರ್ಷ ಆ ಇಬ್ಬರ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದವನು ನಾನು.

ನಾನು ದನದ ಡಾಕ್ಟರು. ಮನೆ ಜಯನಗರದಲ್ಲಿ, ಕೆಲಸ ಬನಶಂಕರಿಯಿಂದಾಚೆಯ ಹಳ್ಳಿಗಳಲ್ಲಿ. ಊರಿನವರೆಲ್ಲ ಸೇರಿ, ಸರ್ಕಾರದ ಅನುದಾನದಲ್ಲಿ ತಮಗೆ ಏನಾಗಬೇಕೆಂದು ತಾವೇ ತೀರ್ಮಾನ ಮಾಡುವುದು ಗ್ರಾಮಸಭೆ. ಅದನ್ನು ಮುಂದೆ ನಿಂತು ನಡೆಸಿಕೊಡಲು ಬೇರೆ ಇಲಾಖೆಯ ಒಬ್ಬ ಅಧಿಕಾರಿ ಇರಬೇಕೆಂದು ಸುತ್ತೋಲೆ ಬಂತು. ನಮ್ಮ ಆಫೀಸಿನಲ್ಲಿ ಆ ಹೊತ್ತಿಗೆ ಸ್ಕೂಟರ್ ಇದ್ದವನು ನಾನೊಬ್ಬನೇ. ಹಾಗಾಗಿ ಆಯ್ಕೆ ಸುಲಭವಾಯಿತು.

ನನ್ನ ಪಾಲಿಗೆ ಬಂದದ್ದು ಚಿಕ್ಕಲಸಂದ್ರ ದಾಟಿದ ಮೇಲೆ ಸಿಗುತ್ತಿದ್ದ ಒಂದು ಹಳ್ಳಿ. ಹೆಸರು ಬೇಡ. ಈಗ ಅಲ್ಲಿ ಹಳ್ಳಿಯೂ ಇಲ್ಲ.

ಕೈ ಎತ್ತಿದವರು

ಮೊದಲ ಸಭೆಗೆ ಪಂಚಾಯಿತಿ ಕಾರ್ಯದರ್ಶಿಗಳು ಡಂಗೂರ ಹೊಡೆಸಿದ್ದರು. ಕಾರ್ಯದರ್ಶಿಗಳು ಧಾರವಾಡದ ಕಡೆಯವರು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದರು. ಡಂಗೂರದವನಿಗೆ ಅವರು ಹೇಳಿಕೊಟ್ಟದ್ದು ದೊಡ್ಡ ಒಕ್ಕಣೆ: ನಾಳೆ ಗ್ರಾಮಸಭೆ, ಪಶುವೈದ್ಯಾಧಿಕಾರಿಗಳು ನೋಡಲ್ ಅಧಿಕಾರಿಯಾಗಿ ಬರುತ್ತಾರೆ, ಗ್ರಾಮಸ್ಥರು ಕಡ್ಡಾಯವಾಗಿ ಹಾಜರಿರಬೇಕು. ಒಂದು ಬೀದಿ ಸುತ್ತುವಷ್ಟರಲ್ಲಿ ಅವನಿಗೆ ಗಂಟಲು ನೋವು ಬಂದು, ಉಳಿದ ಬೀದಿಗಳಲ್ಲಿ "ನಾಳೆ ದನದ ಡಾಕ್ಟ್ರು ಬರ್ತಾರೆ, ಎಲ್ಲಾರೂ ಬರ್ಬೇಕಂತೆ" ಎಂದಷ್ಟೇ ಸಾರಿದ.

ಎಲ್ಲರೂ ಬಂದರು. ಹಸು, ಕರು, ಎಮ್ಮೆ, ಹೋರಿ ಸಮೇತ ಬಂದರು. ಅಲ್ಲಿಯವರೆಗೆ ಆ ಊರಿನ ಗ್ರಾಮಸಭೆಗೆ ಕೋರಂ ಆದದ್ದೇ ಇರಲಿಲ್ಲವಂತೆ. ಕಾರ್ಯದರ್ಶಿಗಳ ಮುಖದಲ್ಲಿ ಕಳೆ ಬಂತು.

ನಾನು ಅನುದಾನ, ಯೋಜನೆ, ಜನರ ಸಹಭಾಗಿತ್ವ ಎಂದು ಮಾತನಾಡುತ್ತಿದ್ದೆ. ಮುಂದಿನ ಸಾಲಿನವರು "ಇದು ಮೇವು ಬಿಟ್ಟೈತೆ, ಒಸಿ ನೋಡಿ ಸಾರ್" ಎಂದು ಒಂದೊಂದೇ ದನದ ಬಾಯಿ ತೆರೆದು ತೋರಿಸುತ್ತಿದ್ದರು. ಊರಿಗೆ ಏನಾಗಬೇಕು ಎಂದು ಮೂರು ಸಲ ಕೇಳಿದ ಮೇಲೆ ಒಬ್ಬ ಹೆಂಗಸು ಎದ್ದು ನಿಂತರು. ಬನಶಂಕರಿ ಎರಡನೇ ಸ್ಟೇಜಿನ ಮನೆಗಳಿಗೆ ಹಾಲು ಹಾಕುವ ಅಕ್ಕ.

"ಕಾಲ್ವೆಗೆ ಒಂದು ಸೇತ್ವೆ ಹಾಕ್ಸಿ ಸಾರ್" ಎಂದರು.

ಊರಿಗೂ ಟಾರು ರಸ್ತೆಗೂ ನಡುವೆ ಒಂದು ಕಾಲುವೆ. ಅದರ ಮೇಲೆ ಯಾರೋ ಯಾವತ್ತೋ ಉರುಳಿಸಿದ್ದ ಹಳೆಯ ಕರೆಂಟ್ ಕಂಬ. ಸುತ್ತಿಕೊಂಡು ಹೋಗುವ ದಾರಿ ಇತ್ತು, ಆದರೆ ಅದರಲ್ಲಿ ಹೋದರೆ ಹಾಲು ಮೊಸರಾಗುವಷ್ಟು ದೂರ. ಅಕ್ಕ ದಿನವೂ ಕ್ಯಾನು ಹೊತ್ತು ಆ ಕಂಬದ ಮೇಲೆಯೇ ನಡೆಯುತ್ತಿದ್ದರು. "ನಂದು ಬಿಡಿ, ಅಭ್ಯಾಸ ಆಗೋಗೈತೆ. ಮಗಳು ಐಸ್ಕೂಲು. ಮಳೆ ಬಂದ್ರೆ ಅದ್ರ ಮೇಲೆ ಅವ್ಳನ್ನ ಕಳ್ಸಕ್ಕೆ ಜೀವ ಹೊಡ್ಕೊಳ್ತದೆ. ಓದೋ ಮಗೀನ ಮನೇಲಿ ಕೂರ್ಸ್ಕೊಂಡ್ರೆ ಅದಕ್ಕೂ ಹೊಟ್ಟೆ ಉರೀತದೆ." ನನಗೆ ಪಾಪ ಅನ್ನಿಸಿತು. ಇದನ್ನಾದರೂ ಮಾಡಿಸಲೇಬೇಕೆಂದು ಅಲ್ಲೇ ಮನಸ್ಸಿನಲ್ಲಿ ಅಂದುಕೊಂಡೆ.

"ಸೇತುವೆಗೆ ಒಪ್ಪಿಗೆ ಇರೋರು ಕೈ ಎತ್ತಿ" ಎಂದೆ. ಎಲ್ಲರೂ ಎತ್ತಿದರು. ಕೈಯಲ್ಲಿ ಹಗ್ಗವಿದೆ ಎನ್ನುವುದು ಅವರಿಗೂ ಮರೆತಿತ್ತು, ನನಗೂ ಹೊಳೆಯಲಿಲ್ಲ. ಹೋರಿ ಮೊದಲು ಹೋಯಿತು, ಅದರ ಹಿಂದೆ ಕರುಗಳು, ಅವುಗಳ ಹಿಂದೆ ಊರು. ನಡಾವಳಿಯಲ್ಲಿ ಕಾರ್ಯದರ್ಶಿಗಳು "ಸೇತುವೆಗೆ ಸರ್ವಾನುಮತದ ಒಪ್ಪಿಗೆ, ನಂತರ ಸಭೆ ತಾನಾಗಿಯೇ ಮುಕ್ತಾಯವಾಯಿತು" ಎಂದು ಬರೆದುಕೊಂಡರು.

ಹೊರಡುವಾಗ ನಾನು ಸಂಕೋಚದಿಂದ, "ಮುಂದಿನ ಸಲ ಬೇರೆ ಇಲಾಖೆಯವರನ್ನ ಹಾಕಿಸಿಕೊಳ್ಳಿ, ಬೇಕಾದರೆ ಆರೋಗ್ಯ ಇಲಾಖೆ ಡಾಕ್ಟರು ಬರಲಿ" ಎಂದೆ.

"ಬ್ಯಾಡ್ರಿ ಸರ, ನೀವ ಬರ್ರಿ" ಎಂದರು ಕಾರ್ಯದರ್ಶಿಗಳು. "ದನಾ ಆದ್ರ ಸುಮ್ಮನ ನಿಂದರ್ತಾವು. ಮಂದಿ ತಮ್ಮ ಬ್ಯಾನಿ ಹೇಳಾಕ ಹತ್ತಿದ್ರ ಸಭಾ ಮುಗಿಯಂಗಿಲ್ಲ."

ಅಧ್ಯಕ್ಷರ ಆಲ್ಬಂ

ಮೇಲಿನ ಕಚೇರಿಯಿಂದ ಉತ್ತರ ಬಂತು: ಸಭೆ ನಡೆದದ್ದಕ್ಕೆ ಫೋಟೊ ಇಲ್ಲ, ಮತ್ತೆ ಸಭೆ ನಡೆಸಿ ಫೋಟೊ ಸಮೇತ ಕಳುಹಿಸಿ, ಆಮೇಲೆ ಸೇತುವೆಯ ಮಾತು.

ಬನಶಂಕರಿಯ ಒಂದು ಸ್ಟುಡಿಯೋದಿಂದ ಫೋಟೊಗ್ರಾಫರನ್ನು ಕರೆಸಿದೆವು. ಮದುವೆ ಫೋಟೊಗಳಲ್ಲಿ ಪಳಗಿದ ಕೈ. ಬಂದವನೇ ಪಂಚಾಯಿತಿ ಅಧ್ಯಕ್ಷರನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಬೆನ್ನ ಹಿಂದೆ ಸೀರೆ ಕಟ್ಟಿಸಿ, ಎರಡೂ ಕಡೆ ಲೈಟು ಇಟ್ಟ. ಅಧ್ಯಕ್ಷರಿಗೆ ಐವತ್ತು ದಾಟಿತ್ತು, ಮೊಮ್ಮಗ ಇದ್ದ. ಆದರೂ ಲೈಟು ಬಿದ್ದ ಕೂಡಲೇ ತಲೆ ಬಾಚಿಕೊಂಡರು.

ನಾನು ಸಭೆ ಶುರು ಮಾಡಿದರೆ ಫೋಟೊಗ್ರಾಫರ್ ಬಿಡಲೊಲ್ಲ. "ಒಂದ್ನಿಮಿಷ ಸಾರ್. ಹೆಣ್ಣಿನ ಕಡೆಯೋರು ಮೊದ್ಲು ಬನ್ನಿ" ಎಂದ. ಅಭ್ಯಾಸಬಲ. ಊರಿನವರಿಗೂ ಅಭ್ಯಾಸಬಲವೇ. ಯಾರು ಯಾವ ಕಡೆಯವರೆಂದು ಅವರೇ ತೀರ್ಮಾನಿಸಿಕೊಂಡು ಸಾಲಾಗಿ ಬಂದು, ಇಬ್ಬಿಬ್ಬರಾಗಿ ಅಧ್ಯಕ್ಷರ ಪಕ್ಕ ನಿಂತು, ಕಣ್ಣು ಅಗಲಿಸಿ, ಫ್ಲ್ಯಾಶ್ ಬಿದ್ದ ಮೇಲೆ ಕೈ ಮುಗಿದು ಇಳಿದು ಹೋದರು. ಇಳಿದವರು ಊಟಕ್ಕೆ ಎಲ್ಲಿ ಕೂರಬೇಕು ಎಂದು ಕಾರ್ಯದರ್ಶಿಗಳನ್ನು ಕೇಳಿದರು.

ವಾರದ ಮೇಲೆ ಫೋಟೊಗಳು ಬಂದವು. ಸಭೆಯದ್ದು ಒಂದೂ ಇರಲಿಲ್ಲ. ಕೊನೆಯ ಫೋಟೊವನ್ನು ಅವನು ತನ್ನ ಖುಷಿಗೆ, ಹೆಚ್ಚಿನ ಹಣ ಕೇಳದೆ ಮಾಡಿಕೊಟ್ಟಿದ್ದ. ಕೆಂಪು ಹೃದಯದ ಆಕಾರ, ಅದರೊಳಗೆ ನಗುತ್ತಿರುವ ಅಧ್ಯಕ್ಷರು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಖಾಲಿ.

ನಾನು ಅದನ್ನು ಬಿಟ್ಟು ಉಳಿದದ್ದನ್ನು ಕಳುಹಿಸಿ ಎಂದು ಹೇಳಿದ್ದೆ. ಕಾರ್ಯದರ್ಶಿಗಳು ಇದ್ದುದರಲ್ಲಿ ಇದೊಂದೇ ಕಲರ್ ಚೆನ್ನಾಗಿದೆ ಎಂದು ಅದನ್ನೇ ಮೇಲೆ ಇಟ್ಟು ಕಳುಹಿಸಿದರು. ಮೇಲಿನ ಅಧಿಕಾರಿ ನನ್ನನ್ನು ಕರೆಸಿ, ಫೋಟೊಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೊಂದಾಗಿ ನೋಡಿದರು.

"ಗಂಡು ಗೊತ್ತಾಯ್ತು" ಎಂದರು. "ಹೆಣ್ಣು ಯಾರ್ರೀ?"

ಶಕ್ತಿಯಿದ್ದ ಪೆಟ್ಟಿಗೆ

ಸೇತುವೆ ಮತ್ತೆ ಹಿಂದಕ್ಕೆ ಬಂತು. ಹಾಲಿನ ಅಕ್ಕನಿಗೆ ಫೋಟೊದ ಕಥೆ ಹೇಳಿದೆ. "ಮುಯ್ಯಿ ಏನಾದ್ರೂ ಬಂತಾ ಸಾರ್?" ಎಂದರು. ನಗಲಿಲ್ಲ. ಆ ಮಳೆಗಾಲದಲ್ಲಿ ಅವರ ಮಗಳು ಅರ್ಧವಾರ್ಷಿಕ ಪರೀಕ್ಷೆಯ ಎರಡು ಪೇಪರ್ ತಪ್ಪಿಸಿಕೊಂಡಿದ್ದಳು.

ಅಷ್ಟರಲ್ಲಿ ಹೊಸ ಸುತ್ತೋಲೆ: ಪ್ರತಿ ಊರಲ್ಲೂ ಸಲಹಾ ಪೆಟ್ಟಿಗೆ ಇಡಬೇಕು, ಸಭೆಯಲ್ಲಿ ಬಾಯಿ ಬಿಡದವರು ಚೀಟಿ ಬರೆದು ಹಾಕಬಹುದು, ಪ್ರತಿಯೊಂದು ಚೀಟಿಗೂ ಏನು ಕ್ರಮ ಕೈಗೊಂಡಿರಿ ಎಂದು ವರದಿ ಕೊಡಬೇಕು. ಬಡಗಿ ಒಂದು ಮರದ ಪೆಟ್ಟಿಗೆ ಮಾಡಿ, ಅಂದವಾಗಿರಲೆಂದು ಹಳದಿ ಬಳಿದ. ಪಂಚಾಯಿತಿ ಕಟ್ಟಡ ಸೋರುತ್ತಿದ್ದುದರಿಂದ ಅದನ್ನು ಮಾರಮ್ಮನ ಗುಡಿಯ ಜಗುಲಿಯಲ್ಲಿ ಇಟ್ಟೆವು.

ಮರುದಿನ ನೋಡಿದರೆ ಅದಕ್ಕೆ ಅರಿಶಿನ ಕುಂಕುಮ ಬಿದ್ದಿತ್ತು. ವಾರದಲ್ಲಿ ಹೂವಿನ ಹಾರ. ಬೀಗ ತೆಗೆಯುವ ದಿನ ಯಾರೋ ಊದುಬತ್ತಿಯನ್ನೂ ಹಚ್ಚಿದ್ದರು. ಒಳಗೆ ಚೀಟಿಗಳೇನೋ ರಾಶಿ ಇದ್ದವು. ಗಂಡನ ಕುಡಿತ ಬಿಡಿಸು ತಾಯಿ. ಅತ್ತೆಗೆ ಒಳ್ಳೆ ಬುದ್ಧಿ ಕೊಡು. ಸೊಸೆಗೆ ಮಕ್ಕಳಾದರೆ ಸೀರೆ ಉಡಿಸುತ್ತೇನೆ. ಎಲ್ಲದರ ನಡುವೆ ಒಂದೇ ಒಂದು ಸಲಹೆ, ಅಕ್ಕನ ಮಗಳ ಅಕ್ಷರದಲ್ಲಿ: ಕಾಲುವೆಗೆ ಸೇತುವೆ ಬೇಕು.

ಕಾರ್ಯದರ್ಶಿಗಳು ನಿಯಮಕ್ಕೆ ಹೆದರುವ ಮನುಷ್ಯ. ಪ್ರತಿಯೊಂದಕ್ಕೂ ಕ್ರಮ ಎಂದರೆ ಪ್ರತಿಯೊಂದಕ್ಕೂ ಕ್ರಮವೇ. ಕುಡಿತದ ಚೀಟಿಯನ್ನು ಅಬಕಾರಿ ಇಲಾಖೆಗೆ ಕಳುಹಿಸಿದರು. ಸೊಸೆಗೆ ಮಕ್ಕಳಾಗಬೇಕೆಂಬುದನ್ನು ಕುಟುಂಬ ಕಲ್ಯಾಣಕ್ಕೆ ಕಳುಹಿಸಿದರು. ಸೇತುವೆಯ ಚೀಟಿಯನ್ನು ಮಾತ್ರ ಶ್ರದ್ಧೆಯಿಂದ ಮೇಲಿನ ಕಚೇರಿಗೆ ಕಳುಹಿಸಿದರು. ಜೊತೆಗೆ ಉಳಿದ ಚೀಟಿಗಳ ನಕಲು. ಅದನ್ನೆಲ್ಲ ಓದಿದ ಮೇಲಿನ ಕಚೇರಿಯವರು, ಇವು ದೇವರ ಹರಕೆಗಳಾದ್ದರಿಂದ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಸೇತುವೆ ಸಮೇತ ಅಷ್ಟನ್ನೂ ವಾಪಸ್ ಕಳುಹಿಸಿದರು.

ಆಮೇಲೆ ಆ ಸೊಸೆ ಬಸುರಿಯಾದಳು. ಗಂಡು ಮಗು ಹುಟ್ಟಿತು. ಅತ್ತೆ ಮಾತಿಗೆ ತಪ್ಪದೆ ಹೊಸ ಸೀರೆ ತಂದು ಸರ್ಕಾರದ ಪೆಟ್ಟಿಗೆಗೆ ಉಡಿಸಿದರು. ಅಕ್ಕಪಕ್ಕದ ಊರುಗಳಿಂದಲೂ ಜನ ಬರತೊಡಗಿ, ಪೆಟ್ಟಿಗೆಯನ್ನು ಅಲ್ಲಿಂದ ಎತ್ತುವ ಧೈರ್ಯ ನಮಗಾಗಲಿಲ್ಲ.

ಅಕ್ಕ ಒಂದು ದಿನ ಕ್ಯಾನು ಇಳಿಸಿ ಆ ಸೀರೆ ಉಟ್ಟ ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದರು. "ಅಲ್ಲ ಸಾರ್," ಎಂದರು, "ಮಗೂನೇ ಕೊಡೋ ಪೆಟ್ಗೆಗೆ ಒಂದು ಸೇತ್ವೆ ಕೊಡಕ್ಕಾಗಲ್ವಾ?"

ನೆಂಟರು ಬರುವ ದಿನ

ಕೊನೆಗೆ ಒಂದು ಅವಕಾಶ ಬಂತು. ಹೊಸ ಯೋಜನೆಯೊಂದರ ಅನುದಾನಕ್ಕೆ ನಮ್ಮ ಊರಿನ ಸೇತುವೆಯೂ ಪಟ್ಟಿಯಲ್ಲಿತ್ತು. ದೊಡ್ಡ ಸಾಹೇಬರೊಬ್ಬರು ಖುದ್ದಾಗಿ ಬಂದು, ಜಾಗ ನೋಡಿ, ಜನರ ಅಭಿಪ್ರಾಯ ಕೇಳಿ, ಅಲ್ಲೇ ಬರೆದುಕೊಂಡು ಹೋಗುತ್ತಾರೆ. ಅವರು ಬೇಡ ಎಂದರೆ ಮುಗಿಯಿತು, ಹಣ ಬೇರೆ ಊರಿಗೆ ಹೋಗುತ್ತದೆ. ಅಕ್ಕನ ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ.

ಸಾಹೇಬರ ಜೀಪಿನಲ್ಲಿ ನಾನೂ ಕಾರ್ಯದರ್ಶಿಗಳೂ ಹೋದೆವು. ದಾರಿಯುದ್ದಕ್ಕೂ ಆ ಕಂಬದ ಬಗ್ಗೆ, ಅದರ ಪಾಚಿಯ ಬಗ್ಗೆ, ಮಕ್ಕಳ ಕಷ್ಟದ ಬಗ್ಗೆ ಹೇಳಿದೆ. ಸಾಹೇಬರು ತಲೆಯಾಡಿಸಿದರು. ಟಾರು ರಸ್ತೆಯಲ್ಲಿ ಜೀಪು ನಿಲ್ಲಿಸಿ ಇಳಿದು ನೋಡುತ್ತೇನೆ, ಕಾಲುವೆಯ ಮೇಲೆ ಸೇತುವೆ!

ಎರಡೂ ಕಡೆ ಬಾಳೆಕಂಬ, ಮಾವಿನ ತೋರಣ, ಮೇಲೆ ಸುಸ್ವಾಗತ ಎಂಬ ಬಟ್ಟೆ. ಕೆಳಗೆ ಗಟ್ಟಿಯಾದ ಹಲಗೆಗಳು, ಅವುಗಳ ಮೇಲೆ ಕೆಂಪು ಜಮಖಾನ. ಕಂಬ ಅದರಡಿ ಎಲ್ಲೋ ಮುಚ್ಚಿಹೋಗಿತ್ತು. ಆಚೆ ದಡದಲ್ಲಿ ಊರಿಗೆ ಊರೇ ಹೆಮ್ಮೆಯಿಂದ ನಿಂತಿತ್ತು.

ಸಾಹೇಬರು ಸೇತುವೆಯ ನಡುವೆ ನಿಂತು ಬೂಟಿನಿಂದ ಎರಡು ಸಲ ಗುದ್ದಿ ನೋಡಿದರು. "ಗಟ್ಟಿಯಾಗಿದೆಯಲ್ಲ! ಯಾರು ಕಟ್ಟಿದ್ದು?"

"ನಾವೇ ಸಾರ್!" ಎಂದಿತು ಊರು ಒಕ್ಕೊರಲಿನಿಂದ.

ಸಾಹೇಬರು ಅಲ್ಲೇ ನಿಂತು ಬರೆದರು: ಗ್ರಾಮಸ್ಥರು ಸ್ವಂತ ಶ್ರಮದಿಂದ ಸುಭದ್ರ ಸೇತುವೆ ನಿರ್ಮಿಸಿಕೊಂಡಿದ್ದಾರೆ, ಅನುದಾನದ ಅಗತ್ಯವಿಲ್ಲ.

ಅಕ್ಕನನ್ನು ಪಕ್ಕಕ್ಕೆ ಕರೆದೆ. "ಏನಕ್ಕ ಮಾಡ್ಬಿಟ್ರಿ?"

"ಶಾಮಿಯಾನದೋರ ಹತ್ರ ಸ್ಟೇಜಿನ ಹಲಗೆ ಇಸ್ಕೊಂಡ್ವಿ ಸಾರ್. ಮನೆಗೆ ಬರೋ ನೆಂಟ್ರನ್ನ ಕಂಬದ ಮೇಲೆ ನಡ್ಸಕ್ಕಾಗ್ತದಾ? ಊರ ಮಾನ ಏನಾಗ್ಬೇಕು?"

ಸಾಹೇಬರು ಏನು ಬರೆದರೆಂದು ಹೇಳಿದೆ. ಅಕ್ಕ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟರು.

ಕಾರ್ಯದರ್ಶಿಗಳು ಸಾಹೇಬರ ಹತ್ತಿರ ಹೋಗಿ, "ಸರ, ಅದು ಖರೇ ಸೇತುವೆ ಅಲ್ರಿ" ಎಂದರು. "ಈಗ ತಾನೇ ಅದರ ಮೇಲೆ ನಡ್ಕೊಂಡು ಬಂದಿದ್ದೀನಲ್ರೀ" ಎಂದರು ಸಾಹೇಬರು. ಸಭೆಯಲ್ಲಿ ಊರಿನ ಕಷ್ಟ ಕೇಳಿದರೆ ಹಿರಿಯರೊಬ್ಬರು ಎದ್ದು, "ತಮ್ಮ ದಯದಿಂದ ಎಲ್ಲಾ ಚೆನ್ನಾಗೈತೆ" ಎಂದು ಕೂತರು. ಉಣ್ಣಲು ಬಂದವರ ಮುಂದೆ ಕಷ್ಟ ಹೇಳುವ ಪದ್ಧತಿ ಆ ಊರಲ್ಲಿ ಇರಲಿಲ್ಲ. ಆಮೇಲೆ ಮುದ್ದೆ, ನಾಟಿಕೋಳಿ ಸಾರು. ಊಟದ ಹೊತ್ತಿಗೆ ಮಳೆ ಶುರುವಾಗಿ ಚೆನ್ನಾಗಿ ಹೊಯ್ದು ನಿಂತಿತು.

ತೇಗುತ್ತ ಕಾಲುವೆಯ ಹತ್ತಿರ ಬಂದ ಸಾಹೇಬರು ಹಾಗೆಯೇ ನಿಂತರು. ಬಾಳೆಕಂಬ ಇತ್ತು, ತೋರಣ ಇತ್ತು, ಸುಸ್ವಾಗತವೂ ಇತ್ತು. ಹಲಗೆ ಮಾತ್ರ ಇರಲಿಲ್ಲ. ಕೆಳಗೆ ಕೆಂಪು ನೀರು ಭೋರೆಂದು ಹರಿಯುತ್ತಿತ್ತು, ಮೇಲೆ ಕಂಬ ಮಿರಮಿರ ಮಿಂಚುತ್ತಿತ್ತು.

"ಸೇತುವೆ ಎಲ್ರೀ?" ಎಂದರು ಸಾಹೇಬರು.

"ಮದ್ವೆಗೆ ಹೋಯ್ತು ಸಾರ್" ಎಂದ ಗುಂಪಿನಲ್ಲಿ ಒಬ್ಬ. "ಚಿಕ್ಕಲಸಂದ್ರದಲ್ಲಿ ಸಂಜೆ ರಿಸೆಪ್ಷನ್ನು. ಸ್ಟೇಜು ಕಟ್ಬೇಕು ಅಂತ ಶಾಮಿಯಾನದೋರು ಟೆಂಪೋಲಿ ಹಾಕ್ಕೊಂಡು ಹೋದ್ರು."

ಜೀಪು ಆಚೆ ದಡದಲ್ಲಿತ್ತು. ಸುತ್ತಿನ ದಾರಿ ಮಳೆಗೆ ಮುಳುಗಿತ್ತು. ಸಾಹೇಬರು ಕಂಬ ನೋಡಿದರು, ನೀರು ನೋಡಿದರು, ನನ್ನನ್ನು ನೋಡಿದರು. ನಾನು ತೋರಣ ನೋಡಿದೆ.

ಅಕ್ಕ ಮುಂದೆ ಬಂದು ಸೆರಗು ಸಿಕ್ಕಿಸಿಕೊಂಡರು. "ಬೂಟು ಬಿಚ್ಚಿ ಕೊಡಿ ಸಾರ್. ಆ ಫೈಲೂ ಕೊಡಿ. ನನ್ನ ಕೈ ಹಿಡ್ಕಳಿ. ಕೆಳಗೆ ಮಾತ್ರ ನೋಡ್ಬೇಡಿ."

ಸಾಹೇಬರು ಅರ್ಧ ಕಂಬದವರೆಗೆ ನಡೆದರು. ಅಲ್ಲಿ ಕೆಳಗೆ ನೋಡಿದರು. ಉಳಿದರ್ಧ ಕಂಬವನ್ನು ಕುದುರೆ ಹತ್ತಿದ ಹಾಗೆ ಕೂತುಕೊಂಡು, ಒಂದೊಂದು ಗೇಣು ಜರುಗುತ್ತ, ಮನೆದೇವರ ಹೆಸರು ಹೇಳುತ್ತ ದಾಟಿದರು. ಅಕ್ಕ ಒಂದು ಕೈಯಲ್ಲಿ ಬೂಟು, ಫೈಲು ಹಿಡಿದು, ಇನ್ನೊಂದು ಕೈ ಸಾಹೇಬರಿಗೆ ಕೊಟ್ಟು ಹಿಂದುಹಿಂದಕ್ಕೆ ಹೆಜ್ಜೆ ಹಾಕಿದರು. ನಕ್ಕವರು ಯಾರೂ ಇಲ್ಲ. ನಗು ಬಂದವರು ಬೆನ್ನು ತಿರುಗಿಸಿ ನಿಂತಿದ್ದರು.

ದಡ ಸೇರಿದ ಸಾಹೇಬರು ಜೀಪಿಗೆ ಒರಗಿ ಸುಧಾರಿಸಿಕೊಂಡರು. ಪ್ಯಾಂಟು ಪೂರ್ತಿ ಪಾಚಿಯಾಗಿತ್ತು. ಆಮೇಲೆ ಅಕ್ಕನ ಕೈಯಿಂದ ಫೈಲು ತೆಗೆದುಕೊಂಡು, ಬಾನೆಟ್ಟಿನ ಮೇಲಿಟ್ಟು, ಮೊದಲು ಬರೆದದ್ದನ್ನು ಗೀಟು ಎಳೆದು ಹೊಡೆದುಹಾಕಿದರು. ಕೆಳಗೆ 'ಸಾರ್ವಜನಿಕರ ಅಭಿಪ್ರಾಯ' ಎಂದು ಅರ್ಧ ಪುಟ ಖಾಲಿ ಬಿಟ್ಟಿತ್ತು. ಪೆನ್ನು ಹಿಡಿದು, "ಹೇಳಮ್ಮ, ಸೇತುವೆ ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಎಂದು ಕೇಳಿದರು.

ಅಕ್ಕ ಬೂಟನ್ನು ಅವರ ಕಾಲ ಬಳಿ ಜೋಡಿಸಿಟ್ಟರು.

"ನಮ್ದು ಇರ್ಲಿ ಬಿಡಿ ಸಾರ್" ಎಂದರು. "ನಿಮ್ದು ಬರೀರಿ."

ಸಾಹೇಬರು ಬರೆದರು. ಅರ್ಧ ಪುಟ ಸಾಲದೆ ಹಾಳೆಯ ಹಿಂಬದಿಗೂ ಬರೆದರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅಕ್ಕನ ಮಗಳು ಸಿಮೆಂಟಿನ ಸೇತುವೆಯ ಮೇಲೆ ನಡೆದುಕೊಂಡು ಹೋದಳು.